ದೀಪ ಕೇಳಿದ ಹುಡುಗಿ ತಪ್ಪು ಮಾಡಿಲ್ಲ

ಓದುಗರ ಪತ್ರ: ನನ್ನ ಮಗಳು ಸರ್ಕಾರಿ ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿ. ಈ ವರ್ಷ ಶಾಲಾ ಸಂಸತ್ತಿನ ಚುನಾವಣೆಯಲ್ಲಿ ಗೆದ್ದು ಮುಖ್ಯಮಂತ್ರಿ ಆಗಿದ್ದಾಳೆ. ಬಸ್ ನಿಲ್ದಾಣದಿಂದ ಊರಿಗೆ ಬರುವ ದಾರಿಯಲ್ಲಿ ಬೀದಿ ದೀಪವಿಲ್ಲ. ಸಂಜೆ ಬಸ್ಸೂ ತಡ. ಅವಳು ಆರು ಮಕ್ಕಳ ಜೊತೆ ಪಂಚಾಯಿತಿಗೆ ಹೋಗಿ ಅರ್ಜಿ ಕೊಟ್ಟಳು. ‘ಓದೋದು ಬಿಟ್ಟು ನಿಮಗ್ಯಾಕ ಈ ರಾಜಕೀಯ’ ಎಂದು ಅಲ್ಲಿದ್ದವರು ಬೈದು ಕಳಿಸಿದರಂತೆ. ಈಗ ಊರಲ್ಲಿ ನನ್ನನ್ನೂ ಕೇಳುತ್ತಿದ್ದಾರೆ. ಅವಳನ್ನು ತಡೆಯಬೇಕಾ? – ಒಬ್ಬ ತಂದೆ, ಹಾವೇರಿ ಜಿಲ್ಲೆ

ಸಂಪಾದಕರ ಉತ್ತರ:

ದಯವಿಟ್ಟು ತಡೆಯಬೇಡಿ. ನಿಮ್ಮ ಪತ್ರ ಓದಿ ಮೊದಲು ಖುಷಿಯಾಯಿತು, ಆಮೇಲೆ ಬೇಜಾರಾಯಿತು. ಖುಷಿ ನಿಮ್ಮ ಮಗಳ ಬಗ್ಗೆ. ಬೇಜಾರು ಆ ಮಕ್ಕಳಿಗೆ ಸಿಕ್ಕ ಮಾತಿನ ಬಗ್ಗೆ.

ನಮ್ಮ ಶಾಲೆಗಳಲ್ಲಿ ಪ್ರತಿ ವರ್ಷ ಚುನಾವಣೆ ಮಾಡಿಸುತ್ತೇವೆ. ನಾಮಪತ್ರ, ಪ್ರಚಾರ, ಗುಪ್ತ ಮತದಾನ, ಬೆರಳಿಗೆ ಶಾಯಿ, ಪ್ರಮಾಣ ವಚನ, ಎಲ್ಲಾ ಇರುತ್ತದೆ. ಆರೋಗ್ಯ ಮಂತ್ರಿ, ನೀರಾವರಿ ಮಂತ್ರಿ ಎಂದು ಹೆಸರಿಟ್ಟು ಚಪ್ಪಾಳೆ ತಟ್ಟುತ್ತೇವೆ. ಆದರೆ ಆ ಮಂತ್ರಿಗಳು ಪ್ರಾರ್ಥನೆಯ ಸಾಲು ನೇರ ಮಾಡುವುದು, ಕೈತೋಟಕ್ಕೆ ನೀರು ಹಾಕುವುದು ಬಿಟ್ಟು ಬೇರೆ ಏನಾದರೂ ಕೇಳಿದರೆ ದೊಡ್ಡವರಿಗೆ ಇರಿಸುಮುರಿಸು. ನಿಮ್ಮ ಮಗಳು ಆ ಪಾಠವನ್ನು ನಿಜ ಎಂದು ನಂಬಿದಳು. ಅವಳು ನಂಬಿದ್ದು ಸರಿ.

‘ರಾಜಕೀಯ’ ಎಂಬ ಮಾತಿಗೂ ಉತ್ತರ ಹೇಳಬೇಕು. ಅದರ ಹಿಂದೆ ಒಂದು ಹೆದರಿಕೆ ಇದೆ, ಅದನ್ನು ಪೂರ್ತಿ ತಳ್ಳಿಹಾಕಲಾರೆ. ನಮ್ಮ ರಾಜ್ಯದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘಗಳ ಚುನಾವಣೆ ನಿಂತು ಮೂರು ದಶಕ ದಾಟಿತು. ಹೊಡೆದಾಟ, ಪಕ್ಷಗಳ ಕೈವಾಡ ನೋಡಿದ ಪೋಷಕರಿಗೆ ಆ ಭಯ ಇನ್ನೂ ಹೋಗಿಲ್ಲ. ಆದರೆ ಕತ್ತಲ ದಾರಿಗೆ ದೀಪ ಹಾಕಿ ಅಂದರೆ ಅದು ಯಾವ ಪಕ್ಷದ ಮಾತು? ಆ ದಾರಿಯಲ್ಲಿ ದಿನಾ ನಡೆಯುವವಳು ಅವಳು. ಅವಳಿಗಿಂತ ಜಾಸ್ತಿ ಅದು ಯಾರಿಗೆ ಗೊತ್ತಿರುತ್ತದೆ?

ಮಕ್ಕಳು ಹೀಗೆ ಕೇಳಲು ಸರ್ಕಾರವೇ ಜಾಗ ಮಾಡಿಕೊಟ್ಟಿದೆ. ಹದಿನೆಂಟು ತುಂಬದವರ ಹೆಸರು ಮತದಾರರ ಪಟ್ಟಿಯಲ್ಲಿ ಇರುವುದಿಲ್ಲ, ಹಾಗಾಗಿ ಅವರು ಗ್ರಾಮಸಭೆಯ ಸದಸ್ಯರಾಗಲು ಆಗುವುದಿಲ್ಲ. ಹಾಗಂತ ಅವರ ಮಾತು ಎಲ್ಲೂ ಕೇಳಿಸದೆ ಹೋಗಬಾರದಲ್ಲ? ಅದಕ್ಕೇ 2006ರಲ್ಲಿ ಕರ್ನಾಟಕ ಸರ್ಕಾರ ಗ್ರಾಮ ಪಂಚಾಯಿತಿಗಳಿಗೆ ಮಕ್ಕಳ ಗ್ರಾಮಸಭೆ ನಡೆಸಿ ಎಂದು ಆದೇಶ ಮಾಡಿತು. ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿಯೂ ಇದನ್ನೇ ಹೇಳುತ್ತದೆ: ಮಕ್ಕಳಿಗೆ ಸಂಬಂಧಪಟ್ಟ ವಿಷಯದಲ್ಲಿ ಮಕ್ಕಳ ಅಭಿಪ್ರಾಯಕ್ಕೆ ಬೆಲೆ ಇರಬೇಕು.

ಈ ಆದೇಶಕ್ಕಿಂತ ಮೊದಲೇ ದಾರಿ ತೋರಿಸಿದವರು ಕುಂದಾಪುರದ ಕಡೆಯ ಹಳ್ಳಿ ಮಕ್ಕಳು. ಭೀಮ ಸಂಘ ಎಂಬ ದುಡಿಯುವ ಮಕ್ಕಳ ಸಂಘ, ‘ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆಯ ಜೊತೆ ಸೇರಿ, 1990ರ ದಶಕದಲ್ಲೇ ಅಲ್ಲಿ ಮಕ್ಕಳ ಪಂಚಾಯಿತಿ ಕಟ್ಟಿತ್ತು. ಮಕ್ಕಳೇ ಮತ ಹಾಕಿ ಪ್ರತಿನಿಧಿಗಳನ್ನು ಆರಿಸಿದರು. ಶಾಲೆಗೆ ಹೋಗುವ ದಾರಿಯ ಹಳ್ಳಕ್ಕೆ ಸಂಕ (ಸಣ್ಣ ಸೇತುವೆ) ಬೇಕು ಎಂಬಂಥ ಬೇಡಿಕೆಗಳನ್ನು ದೊಡ್ಡವರ ಮುಂದೆ ಇಟ್ಟರು. ಮಳೆಗಾಲದಲ್ಲಿ ಆ ಕಡೆ ಕಾಲುಸಂಕ ಎಂದರೆ ಏನು ಎಂಬುದು ಅಲ್ಲಿಯವರಿಗೆ ಗೊತ್ತು. 2022ರಲ್ಲೂ ಬೈಂದೂರು ಕಡೆ ಶಾಲೆಯಿಂದ ಬರುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ಕಾಲುಸಂಕದಿಂದ ಜಾರಿ ಹಳ್ಳದ ಪಾಲಾದಳು. ಮಕ್ಕಳು ಕೇಳಿದ್ದನ್ನು ಮುಂದೂಡಿದರೆ ಎಂಥ ಬೆಲೆ ತೆರಬೇಕಾಗುತ್ತದೆ ನೋಡಿ.

ನಾನು ಕೂತು ನೋಡಿದ ಒಂದು ಮಕ್ಕಳ ಗ್ರಾಮಸಭೆ ನೆನಪಾಗುತ್ತಿದೆ. ವೇದಿಕೆಯ ಭಾಷಣಗಳೇ ಒಂದೂವರೆ ತಾಸು. ಮಕ್ಕಳಿಗೆ ಉಳಿದದ್ದು ಇಪ್ಪತ್ತು ನಿಮಿಷ. ಏಳನೇ ತರಗತಿಯ ಹುಡುಗಿಯೊಬ್ಬಳು ಎದ್ದು, ‘ನಮ್ಮ ಶೌಚಾಲಯದ ಬಾಗಿಲಿಗೆ ಚಿಲಕ ಇಲ್ಲ. ಅದಕ್ಕೆ ನಾವು ನೀರೇ ಕುಡಿಯಲ್ಲ’ ಎಂದಳು. ಹಿಂದೆ ಯಾರೋ ನಕ್ಕರು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ನಗಲಿಲ್ಲ, ಬರೆದುಕೊಂಡರು. ಮುಂದಿನ ವಾರ ಚಿಲಕ ಬಂತು. ಎಷ್ಟು ಸಣ್ಣ ಖರ್ಚು! ಆದರೆ ಶಾಲೆಗೆ ಬಂದು ಹೋದ ಯಾವ ದೊಡ್ಡವರಿಗೂ ಅದು ಕಂಡಿರಲಿಲ್ಲ.

ಇನ್ನು ನಿಮ್ಮ ಮಗಳ ಅರ್ಜಿಗೆ ಬರೋಣ. ಅದರಲ್ಲಿ ಎರಡು ಬೇಡಿಕೆ ಒಟ್ಟಿಗೆ ಸೇರಿಕೊಂಡಿವೆ, ಬಿಡಿಸಿ ಬರೆಯಲಿ. ಬೀದಿ ದೀಪ ಪಂಚಾಯಿತಿಯ ಕೆಲಸ. ಕಂಬ, ತಂತಿಯೇ ಇಲ್ಲದಿದ್ದರೆ ವಿದ್ಯುತ್ ಪೂರೈಸುವ ಹೆಸ್ಕಾಂನವರೂ ಬರಬೇಕು. ಬಸ್ಸಿನ ಸಮಯ ವಾಯವ್ಯ ಸಾರಿಗೆಯ ಡಿಪೊ ವ್ಯವಸ್ಥಾಪಕರಿಗೆ ಸಂಬಂಧಿಸಿದ್ದು. ಅದನ್ನು ಪಂಚಾಯಿತಿ ಠರಾವು ಮಾಡಿ ಕಳಿಸಬಹುದು, ಆದರೆ ತಾನೇ ಬದಲಿಸಲಾರದು. ‘ದಾರಿ ಕತ್ತಲು’ ಎಂದಷ್ಟೇ ಬರೆದರೆ ಸಾಲದು. ಎಷ್ಟು ಕಂಬ ಇವೆ, ಎಷ್ಟರಲ್ಲಿ ದೀಪ ಇಲ್ಲ, ಎಷ್ಟು ಮಕ್ಕಳು ಆ ದಾರಿಯಲ್ಲಿ ಬರುತ್ತಾರೆ ಎಂದು ಮಕ್ಕಳೇ ನಡೆದು ಎಣಿಸಿ ಬರೆಯಲಿ. ಎರಡು ವಾರ ಬಸ್ ಬಂದ ಹೊತ್ತನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಅಂಥ ಲೆಕ್ಕ ಮುಂದಿಟ್ಟರೆ ಸುಮ್ನೆ ಬೈದು ಕಳಿಸುವುದು ಕಷ್ಟ.

ಅರ್ಜಿಯ ಎರಡು ಪ್ರತಿ ಒಯ್ಯಲಿ. ಒಂದರ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೊಂಡು ಬರಲಿ. ಮುಖ್ಯ ಶಿಕ್ಷಕರ ಸಹಿಯೂ ಇದ್ದರೆ ಒಳ್ಳೆಯದು. ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಸಮಿತಿ) ನಿಮ್ಮ ಪರಿಚಯದ ಪೋಷಕರಿದ್ದರೆ ಅವರ ಬೆಂಬಲ ಕೇಳಿ.

ಮಕ್ಕಳ ಗ್ರಾಮಸಭೆ ಸಾಮಾನ್ಯವಾಗಿ ನವೆಂಬರಿನ ಮಕ್ಕಳ ದಿನಾಚರಣೆಯ ಆಸುಪಾಸಿನಲ್ಲಿ ಶುರುವಾಗುತ್ತದೆ. ನಿಮ್ಮ ಪಂಚಾಯಿತಿಯಲ್ಲಿ ಯಾವತ್ತು ಎಂದು ಈಗಲೇ ವಿಚಾರಿಸಿ. ಮಕ್ಕಳು ಅಲ್ಲಿ ಮೊದಲು ಕೇಳಬೇಕಾದದ್ದು ಹೋದ ವರ್ಷದ ಅನುಪಾಲನಾ ವರದಿ. ಹಿಂದಿನ ಸಲ ಕೇಳಿದ್ದರಲ್ಲಿ ಏನಾಯಿತು, ಏನಾಗಲಿಲ್ಲ, ಯಾಕೆ? ದುಡ್ಡಿಲ್ಲ ಎಂಬುದು ಉತ್ತರವಾದರೂ ಪರವಾಗಿಲ್ಲ, ಬರೆದು ಕೊಡಲಿ.

ನೀವೂ ಹೋಗಿ. ಹಿಂದಿನ ಸಾಲಿನಲ್ಲಿ ಕೂತುಕೊಳ್ಳಿ. ಅವಳು ತಡವರಿಸಿದರೂ ಎದ್ದು ಅವಳ ಪರವಾಗಿ ಮಾತಾಡಬೇಡಿ, ಅವಳೇ ಮುಗಿಸಲಿ. ಸಭೆಯ ನಡಾವಳಿಯ ಪ್ರತಿ ಸಿಕ್ಕರೆ ನಮಗೂ ಒಂದು ಕಳಿಸಿ.