ಮೂರು ವಾಹಿನಿ ಒಟ್ಟಿಗೆ ರೆಕಾರ್ಡ್ ಮಾಡಲು ಮೂರನೆಯ ಬಾಕ್ಸ್ ಕೊಳ್ಳಬೇಡಿ

ಮಂಡ್ಯದ ಮಿತ್ರರೇ, ನಿನ್ನೆ ನೀವು ಹಾಕಿದ ಚಿತ್ರವನ್ನೂ ಅದರ ಕೆಳಗಿನ ಪ್ರಶ್ನೆಯನ್ನೂ ನೋಡಿದ ಮೇಲೆ ಸುಮ್ಮನಿರಲಾಗಲಿಲ್ಲ. ಹಳೆಯ ಐ5 ಕಂಪ್ಯೂಟರ್, ದೂರದರ್ಶನದ ಉಚಿತ ಡಿಶ್ ಸೇವೆಯಾದ ಫ್ರೀ ಡಿಶ್‌ನ ಎರಡು ಬಾಕ್ಸ್, ಒಂದೊಂದಕ್ಕೂ ಒಂದೊಂದು ಎಚ್‌ಡಿಎಂಐ ಕ್ಯಾಪ್ಚರ್ ಸ್ಟಿಕ್ (ಬಾಕ್ಸಿನ ಚಿತ್ರವನ್ನು ಕಂಪ್ಯೂಟರಿಗೆ ತರುವ ಸಾಧನ), ಡಿಶ್ಶಿನ ಮುಂದೆ ಸಿಗ್ನಲ್ ಹಿಡಿಯುವ ಒಂದೇ ಎಲ್‌ಎನ್‌ಬಿಯಿಂದ ಸ್ಪ್ಲಿಟರ್ ಹಾಕಿ ಎಳೆದ ಎರಡು ಕೇಬಲ್, ಒಬಿಎಸ್ ಎಂಬ ರೆಕಾರ್ಡಿಂಗ್ ತಂತ್ರಾಂಶವನ್ನು ಎರಡು ಸಲ ತೆರೆದು ನೇರವಾಗಿ ಎಂಪಿ4 ರೆಕಾರ್ಡಿಂಗ್. ದಸರಾ ಹೊತ್ತಿಗೆ ಮೂರು ವಾಹಿನಿಗಳನ್ನು ಒಟ್ಟಿಗೆ ಹಿಡಿಯಬೇಕೆಂದು ಈಗ ಮೂರನೆಯ ಬಾಕ್ಸನ್ನೂ ಮೂರನೆಯ ಸ್ಟಿಕ್ಕನ್ನೂ ತರಿಸಲು ಹೊರಟಿದ್ದೀರಿ. ದಯವಿಟ್ಟು ತರಿಸಬೇಡಿ. ಇದೇ ದಾರಿಯಲ್ಲಿ ನಾನು ಹೋಗಿ ಕಳೆದುಕೊಂಡದ್ದು ಮತ್ತೆ ಸಿಕ್ಕಿಲ್ಲ.

2018ರ ವಿಜಯದಶಮಿಯ ದಿನ ನನ್ನ ತಮ್ಮ ಕಂಸಾಳೆ ತಂಡದ ಜೊತೆ ಜಂಬೂ ಸವಾರಿಯಲ್ಲಿ ಕುಣಿಯುವವನಿದ್ದ. ಅಮ್ಮನಿಗೆ ಮಂಡಿ ನೋವು, ಅರಮನೆಯಿಂದ ಬನ್ನಿಮಂಟಪದವರೆಗೆ ಎಲ್ಲಿಯೂ ಹೋಗಿ ನಿಲ್ಲುವಂತಿರಲಿಲ್ಲ. ಸರಸ್ವತಿಪುರದ ಮನೆಯಲ್ಲಿಯೇ ಎಲ್ಲವನ್ನೂ ಹಿಡಿದಿಡುತ್ತೇನೆಂದು ನಾನು ಮಾತು ಕೊಟ್ಟಿದ್ದೆ. ಚಂದನ ಒಂದು ಕಡೆ, ಎರಡು ಖಾಸಗಿ ಸುದ್ದಿವಾಹಿನಿಗಳು ಎರಡು ಕೇಬಲ್ ಬಾಕ್ಸ್‌ಗಳಿಂದ ಇನ್ನೊಂದು ಕಡೆ, ಮೂರನ್ನೂ ಆ ಕ್ಷಣದಲ್ಲಿಯೇ ಎಚ್.264 ವಿಡಿಯೋ ರೂಪಕ್ಕೆ ಕುಗ್ಗಿಸಿ ಎಂಪಿ4 ಆಗಿ ಬರೆಯುವಂತೆ ಹೊಂದಿಸಿದ್ದೆ. ಸಂಜೆಯ ಹೊತ್ತಿಗೆ ನಮ್ಮ ಬೀದಿಯಲ್ಲಿ ಕರೆಂಟು ಹೋಯಿತು. ಮನೆಯಲ್ಲಿ ಇನ್ವರ್ಟರ್ ಇದ್ದುದರಿಂದ ದೀಪ ಒಮ್ಮೆ ಮಿನುಗಿ ಮತ್ತೆ ಉರಿಯಿತು, ಟಿವಿ ಮರಳಿ ಬಂತು. ಕಂಪ್ಯೂಟರ್ ಮಾತ್ರ ರೀಸ್ಟಾರ್ಟ್ ಆಗಿತ್ತು. ಡಿಸ್ಕಿನಲ್ಲಿ ಮೂರು ಫೈಲುಗಳೂ ಇದ್ದವು, ಒಂದೊಂದೂ ಎರಡು ಜಿಬಿಗಿಂತ ದೊಡ್ಡದಾಗಿತ್ತು, ಒಂದೂ ತೆರೆಯಲಿಲ್ಲ.

ಕಾರಣ ನಿಮಗೂ ಅನ್ವಯಿಸುತ್ತದೆ, ಆದ್ದರಿಂದ ಬಿಡಿಸಿ ಬರೆಯುತ್ತೇನೆ. ಸಾಮಾನ್ಯ ಎಂಪಿ4 ಫೈಲಿನಲ್ಲಿ ಚಿತ್ರದ ಯಾವ ಚೌಕಟ್ಟು (ಫ್ರೇಮ್) ಎಲ್ಲಿದೆ, ಯಾವ ಧ್ವನಿ ಅದಕ್ಕೆ ಸೇರಿದ್ದು ಎಂಬ ಸೂಚಿಯನ್ನು ರೆಕಾರ್ಡಿಂಗ್ ಮುಗಿಸುವಾಗ ಕೊನೆಗೆ ಬರೆಯಲಾಗುತ್ತದೆ. ಅದನ್ನು ಬರೆಯುವ ಮೊದಲು ಕಂಪ್ಯೂಟರ್ ನಿಂತರೆ ಒಳಗಿನ ಚಿತ್ರವೆಲ್ಲ ಇದ್ದೂ ಇಲ್ಲದಂತೆ. ಉಪಗ್ರಹದಿಂದ ಇಳಿದು ಬರುವ ಟ್ರಾನ್ಸ್‌ಪೋರ್ಟ್ ಸ್ಟ್ರೀಮ್ ಹಾಗಲ್ಲ. ಅದು 188 ಬೈಟ್‌ಗಳ ಸಣ್ಣ ಸಣ್ಣ ಪೊಟ್ಟಣಗಳ ಸಾಲು. ಹಾದಿಯಲ್ಲಿ ನಷ್ಟವಾಗುವುದು ಸಹಜವೆಂದು ಎಣಿಸಿಯೇ ಅದನ್ನು ರೂಪಿಸಿದ್ದಾರೆ, ಆದ್ದರಿಂದ ಎಲ್ಲಿ ಕತ್ತರಿಸಿದರೂ ಅಲ್ಲಿಯವರೆಗಿನದು ಓಡುತ್ತದೆ. ನಾನು ಅನ್‌ಟ್ರಂಕ್ ಎಂಬ ತಂತ್ರಾಂಶ ಹಿಡಿದು ಮೂರು ರಾತ್ರಿ ಕುಳಿತು, ಒಂದು ಫೈಲಿನಿಂದ ನಲವತ್ತು ನಿಮಿಷದಷ್ಟು ಧ್ವನಿಯಿಲ್ಲದ ಚಿತ್ರವನ್ನು ಹೊರತೆಗೆದೆ. ಅದರಲ್ಲಿ ತಮ್ಮ ಇರಲಿಲ್ಲ. ಅಮ್ಮ ನೇರಪ್ರಸಾರದಲ್ಲಿ ಅವನ ಮುಖವನ್ನು ಒಂದು ಗಳಿಗೆ ಕಂಡಿದ್ದರು, ಅದು ಯಾವ ವಾಹಿನಿಯಲ್ಲಿ ಎಂಬುದು ಅವರಿಗೆ ನೆನಪಿರಲಿಲ್ಲ. ಆ ವರ್ಷ ಅಂಬಾರಿ ಹೊತ್ತ ಆನೆ ಅರ್ಜುನ. 2023ರ ಡಿಸೆಂಬರ್‌ನಲ್ಲಿ ಆ ಆನೆ ತೀರಿಕೊಂಡ ಮೇಲೆ ಆ ಮೂರು ಫೈಲುಗಳು ನನಗೆ ಇನ್ನಷ್ಟು ಭಾರವಾಗಿವೆ. ಅವನ್ನು ಇವತ್ತಿಗೂ ಅಳಿಸಿಲ್ಲ.

ಆದ್ದರಿಂದ ನಾನು ಈಗ ಪಾಲಿಸುವ ಪದ್ಧತಿ ಒಂದೇ: ಬಂದ ಸ್ಟ್ರೀಮನ್ನು ಬಂದಂತೆಯೇ ಡಿಸ್ಕಿಗೆ ಬರೆಯುವುದು, ಕುಗ್ಗಿಸುವುದೇನಿದ್ದರೂ ಆಮೇಲೆ. ಫ್ರೀ ಡಿಶ್ ಬಾಕ್ಸ್ ಸ್ಟ್ರೀಮನ್ನು ಬಿಡಿಸಿ, ಚಿತ್ರವಾಗಿಸಿ, ಹಿಗ್ಗಿಸಿ ಎಚ್‌ಡಿಎಂಐಗೆ ಕೊಡುತ್ತದೆ. ನಿಮ್ಮ ಸ್ಟಿಕ್ ಅದನ್ನು ಎಂಜೆಪೆಗ್ ಎಂಬ ರೂಪಕ್ಕೆ ಕುಗ್ಗಿಸುತ್ತದೆ, ಒಬಿಎಸ್ ಅದನ್ನು ಬಿಡಿಸಿ ಮತ್ತೊಮ್ಮೆ ಎನ್‌ಕೋಡ್ ಮಾಡುತ್ತದೆ, ಅಂದರೆ ಕುಗ್ಗಿಸುತ್ತದೆ. ಮೊದಲೇ ತೆಳುವಾಗಿರುವ ಎಸ್‌ಡಿ ಚಿತ್ರವನ್ನು ಹೀಗೆ ಎರಡು ಸಲ ಹಿಂಡಿದರೆ ಉಳಿಯುವುದೇನು? ಅಗ್ಗದ ಸ್ಟಿಕ್‌ಗಳ ಡಬ್ಬಿಯ ಮೇಲೆ 4ಕೆ, ಯುಎಸ್‌ಬಿ 3 ಎಂದೆಲ್ಲ ಬರೆದಿದ್ದರೂ ಅನೇಕವು ಒಳಗೆ ಯುಎಸ್‌ಬಿ 2 ಆಗಿರುತ್ತವೆ. ಮೂರನ್ನು ಒಂದೇ ಹಬ್‌ಗೆ ಚುಚ್ಚಿದರೆ ಚೌಕಟ್ಟುಗಳು ಉದುರುತ್ತವೆ. ಸದ್ಯಕ್ಕೆ ಇರುವ ಸಲಕರಣೆಯಲ್ಲಿಯೇ ಮುಂದುವರಿಯಲೇಬೇಕಾದರೆ ಇಂದೇ ಒಬಿಎಸ್‌ನಲ್ಲಿ ಎಂಪಿ4 ತೆಗೆದು, ಅರ್ಧಕ್ಕೆ ನಿಂತರೂ ತೆರೆಯುವ ಎಂಕೆವಿ ಮಾಡಿ. ಹೊಸ ಆವೃತ್ತಿಗಳಲ್ಲಿರುವ ಹೈಬ್ರಿಡ್ ಎಂಪಿ4 ಕೂಡ ಅರ್ಧಕ್ಕೆ ನಿಂತರೆ ತೆರೆಯುತ್ತದೆ, ಆದರೆ ನಾನು ಎಂಕೆವಿಯನ್ನೇ ಹೇಳುತ್ತೇನೆ.

ಈಗ ಮೂರನೆಯ ಬಾಕ್ಸಿನ ವಿಷಯ. ನೀವು ವಾಹಿನಿಗಳನ್ನು ಎಣಿಸುತ್ತಿದ್ದೀರಿ, ಎಣಿಸಬೇಕಾದದ್ದು ಟಿಪಿಗಳನ್ನು, ಅಂದರೆ ಹಲವು ವಾಹಿನಿಗಳನ್ನು ಒಟ್ಟಿಗೆ ಹೊತ್ತು ತರುವ ಉಪಗ್ರಹದ ಟ್ರಾನ್ಸ್‌ಪಾಂಡರ್‌ಗಳನ್ನು. ಬಾಕ್ಸಿನ ಬದಲು ಕಂಪ್ಯೂಟರಿಗೇ ಹಾಕುವ ಒಂದು ಟ್ಯೂನರ್ ಒಂದು ಟ್ರಾನ್ಸ್‌ಪಾಂಡರನ್ನು ಇಡಿಯಾಗಿ ಕಂಪ್ಯೂಟರಿಗೆ ತಂದುಕೊಡುತ್ತದೆ. ಅದರೊಳಗಿರುವ ಹತ್ತಾರು ವಾಹಿನಿಗಳಲ್ಲಿ ಎಷ್ಟನ್ನು ಬೇಕಾದರೂ ಏಕಕಾಲಕ್ಕೆ ಬೇರೆ ಬೇರೆ ಫೈಲುಗಳಾಗಿ ಬರೆದುಕೊಳ್ಳಬಹುದು. ಟಿವಿಹೆಡ್‌ಎಂಡ್, ಮಿಥ್‌ಟಿವಿ ಎಂಬ ರೆಕಾರ್ಡಿಂಗ್ ತಂತ್ರಾಂಶಗಳೆರಡೂ ಇದನ್ನು ಮಾಡುತ್ತವೆ. ಸ್ಕ್ಯಾನ್ ಮಾಡಿ, ನಿಮಗೆ ಬೇಕಾದ ವಾಹಿನಿಗಳು ಯಾವ ಯಾವ ಟಿಪಿಯಲ್ಲಿವೆ ಎಂದು ಒಂದು ಕಾಗದದಲ್ಲಿ ಬರೆದುಕೊಳ್ಳಿ. ಮೂರೂ ಒಂದೇ ಟಿಪಿಯಲ್ಲಿದ್ದರೆ ಒಂದು ಟ್ಯೂನರ್ ಸಾಕು, ಎರಡರಲ್ಲಿ ಹಂಚಿದ್ದರೆ ಎರಡು ಬೇಕು. ಆದರೆ ಫ್ರೀ ಡಿಶ್‌ನಲ್ಲಿ ವಾಹಿನಿಗಳು ಆಗಾಗ ಸ್ಥಳ ಬದಲಿಸುತ್ತವೆ. ಕಳೆದ ವರ್ಷದ ಕಾಗದವನ್ನು ನಂಬದೆ ಹಬ್ಬಕ್ಕೆ ಹತ್ತು ದಿನ ಮೊದಲು ಮತ್ತೆ ಸ್ಕ್ಯಾನ್ ಮಾಡಬೇಕು.

ಕಾರ್ಡ್‌ಗಳಲ್ಲಿ ನನ್ನ ಮತ ಟಿಬಿಎಸ್ ಕಂಪನಿಯ ಟ್ಯೂನರ್ ಕಾರ್ಡ್‌ಗಳಿಗೆ. 6902ರಲ್ಲಿ ಎರಡು ಟ್ಯೂನರ್, 6904ರಲ್ಲಿ ನಾಲ್ಕು ಟ್ಯೂನರ್ ಇವೆ, ಎರಡೂ ಕಂಪ್ಯೂಟರಿನ ಒಳಗೆ ಚುಚ್ಚುವ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್‌ಗಳು. ಯುಎಸ್‌ಬಿ ಟ್ಯೂನರ್‌ಗಳು ಒಂದಿದ್ದರೆ ಸರಿ, ಎರಡಾದರೆ ನಾನು ಒಪ್ಪುವುದಿಲ್ಲ. ಲಿನಕ್ಸ್‌ನಲ್ಲಿ ಟಿಬಿಎಸ್ ಡ್ರೈವರನ್ನು ಬೇರೆಯಾಗಿ ಕಂಪೈಲ್ ಮಾಡಬೇಕು ಮತ್ತು ಕರ್ನಲ್ (ಲಿನಕ್ಸ್‌ನ ತಿರುಳು) ಬದಲಾದಾಗಲೆಲ್ಲ ಮತ್ತೆ ಮಾಡಬೇಕು ಎಂಬುದನ್ನು ಮರೆಯಬೇಡಿ. ಒಮ್ಮೆ ಸರಿಯಾಗಿ ಓಡಿದ ಮೇಲೆ ಕರ್ನಲ್ ತಾನಾಗಿ ಅಪ್‌ಡೇಟ್ ಆಗದಂತೆ ತಡೆಹಿಡಿಯಿರಿ. ವಿಂಡೋಸ್ ಬಿಡಲಾರೆ ಎನ್ನುವವರಿಗೆ ನೆಕ್ಸ್ಟ್‌ಪಿವಿಆರ್ ಇದೆ, ಅದೂ ಸ್ಟ್ರೀಮನ್ನು ಇದ್ದಂತೆ ಬರೆಯುತ್ತದೆ, ಆದರೆ ರಾತ್ರಿ ಎರಡು ಗಂಟೆಗೆ ತಾನಾಗಿ ರೀಸ್ಟಾರ್ಟ್ ಆಗುವ ವ್ಯವಸ್ಥೆಯ ಮೇಲೆ ನಾನು ರೆಕಾರ್ಡಿಂಗ್ ಇಡುವುದಿಲ್ಲ.

ಸ್ಪ್ಲಿಟರ್ ತೆಗೆಯಿರಿ. ಎಲ್‌ಎನ್‌ಬಿಗೆ ಬಾಕ್ಸಿನಿಂದ 13 ವೋಲ್ಟ್ ಹೋದರೆ ಅದು ವರ್ಟಿಕಲ್ (ಲಂಬ) ತರಂಗಗಳನ್ನು ಹಿಡಿಯುತ್ತದೆ, 18 ಹೋದರೆ ಹಾರಿಜಾಂಟಲ್ (ಅಡ್ಡ), 22 ಕಿಲೋಹರ್ಟ್ಸ್ ಟೋನ್ ಹೋದರೆ ಮೇಲಿನ ಬ್ಯಾಂಡ್. ಒಂದೇ ಎಲ್‌ಎನ್‌ಬಿಗೆ ಎರಡು ಬಾಕ್ಸ್‌ಗಳು ಬೇರೆ ಬೇರೆ ಆಜ್ಞೆ ಕೊಟ್ಟರೆ ಒಂದರ ಚಿತ್ರ ಹೋಗುತ್ತದೆ. ಎರಡೂ ಒಂದನ್ನೇ ಕೇಳುತ್ತಿರುವಷ್ಟು ದಿನ ಎಲ್ಲವೂ ಸರಿಯಾಗಿರುವಂತೆ ಕಾಣುತ್ತದೆ, ನಿಮಗೂ ಈಗ ಹಾಗೆಯೇ ಕಾಣುತ್ತಿದೆ. ಜೊತೆಗೆ ಅನೇಕ ಸ್ಪ್ಲಿಟರ್‌ಗಳಲ್ಲಿ ಕರೆಂಟು ಹಾಯುವುದು ಒಂದೇ ತುದಿಯಿಂದ. ಆ ತುದಿಯ ಬಾಕ್ಸನ್ನು ಮನೆಯವರು ಆಫ್ ಮಾಡಿದರೆ ಎರಡನೆಯದಕ್ಕೂ ಸಿಗ್ನಲ್ ಇಲ್ಲ. ‘ಕೆಲವು ದಿನ ಬರುತ್ತದೆ, ಕೆಲವು ದಿನ ಕಪ್ಪು ಪರದೆ’ ಎಂದು ನೀವು ಬರೆದಿರುವುದಕ್ಕೆ ಇದೇ ಕಾರಣವೆಂದು ನನ್ನ ಬಲವಾದ ಊಹೆ. ಎರಡು ಅಥವಾ ನಾಲ್ಕು ಔಟ್‌ಪುಟ್‌ನ ಯೂನಿವರ್ಸಲ್ ಎಲ್‌ಎನ್‌ಬಿ ತನ್ನಿ, ಟ್ಯೂನರಿಗೆ ಒಂದರಂತೆ ಆರ್‌ಜಿ6 ಕೇಬಲ್ ಎಳೆಯಿರಿ. ಕ್ವಾಡ್ ಮತ್ತು ಕ್ವಾಟ್ರೊ ಎರಡಕ್ಕೂ ನಾಲ್ಕು ಔಟ್‌ಪುಟ್ ಇರುತ್ತವೆ. ಕ್ವಾಟ್ರೊ, ಸಿಗ್ನಲನ್ನು ಹಲವು ಟ್ಯೂನರ್‌ಗಳಿಗೆ ಹಂಚುವ ಮಲ್ಟಿಸ್ವಿಚ್‌ಗಾಗಿ ಮಾಡಿದ್ದು, ನೇರವಾಗಿ ಟ್ಯೂನರಿಗೆ ಕೊಟ್ಟರೆ ಕೆಲಸಕ್ಕೆ ಬಾರದು. ಡಬ್ಬಿ ಓದದೆ ಹಣ ಕೊಡಬೇಡಿ.

ಟಿವಿಹೆಡ್‌ಎಂಡ್‌ನಲ್ಲಿ ರೆಕಾರ್ಡಿಂಗ್ ಪ್ರೊಫೈಲ್ ‘ಪಾಸ್’ (ಸ್ಟ್ರೀಮನ್ನು ಬಂದಂತೆಯೇ ಬರೆಯುವುದು) ಇರಲಿ, ಮಟ್ರೋಸ್ಕ ಬೇಡ; ಮಟ್ರೋಸ್ಕ ಎಂದರೆ ಎಂಕೆವಿಯೇ, ಅದನ್ನು ನಾನು ಹೇಳಿದ್ದು ಒಬಿಎಸ್‌ಗೆ ಮಾತ್ರ. ಬಿಡುವಿನಲ್ಲಿ ತಾನಾಗಿ ವಾಹಿನಿ ಹುಡುಕುವ ಐಡಲ್ ಸ್ಕ್ಯಾನ್ ನಿಲ್ಲಿಸಿ, ಇಲ್ಲವಾದರೆ ಟ್ಯೂನರ್ ಸುಮ್ಮನೆ ಸುತ್ತುತ್ತಿರುತ್ತದೆ. ನಮ್ಮಲ್ಲಿ ಸಿಗ್ನಲಿನ ಜೊತೆ ಬರುವ ಕಾರ್ಯಕ್ರಮ ಪಟ್ಟಿಯನ್ನು ನೆಚ್ಚಿ ಟೈಮರ್ ಹಾಕಿದವರು ಅರ್ಧ ಕಾರ್ಯಕ್ರಮ ಪಡೆದಿದ್ದಾರೆ. ನಾನು ಚಂದನದ ‘ಥಟ್ ಅಂತ ಹೇಳಿ’ಯನ್ನು ಕೂಡ ಗಡಿಯಾರದ ಸಮಯಕ್ಕೇ ಹಾಕಿ, ಮೊದಲು ಐದು ನಿಮಿಷ, ಕೊನೆಗೆ ಹದಿನೈದು ನಿಮಿಷ ಹೆಚ್ಚುವರಿ ಇಡುತ್ತೇನೆ. ಒಂದೇ ವಾಹಿನಿಯಲ್ಲಿ ಬೆನ್ನುಬೆನ್ನಿಗೆ ಬರುವ ಎರಡು ಕಾರ್ಯಕ್ರಮಗಳ ಹೆಚ್ಚುವರಿ ಸಮಯ ಒಂದರ ಮೇಲೊಂದು ಬಿದ್ದರೆ ಹೆದರಬೇಡಿ. ಟಿಪಿ ಒಂದೇ ಆದ್ದರಿಂದ ಇನ್ನೊಂದು ಟ್ಯೂನರ್ ಬೇಕಾಗುವುದಿಲ್ಲ, ಎರಡೂ ಫೈಲುಗಳು ಪೂರ್ಣವಾಗಿ ಬರುತ್ತವೆ.

‘ಇಷ್ಟೆಲ್ಲ ಒಟ್ಟಿಗೆ ಬರೆದರೆ ಡಿಸ್ಕ್ ತಡೆಯುತ್ತದೆಯೇ, ಎಸ್‌ಎಸ್‌ಡಿ ಬೇಕೇ’ ಎಂದು ಕೇಳಿದ್ದೀರಿ. ಲೆಕ್ಕ ಹಾಕಿ ನೋಡಿ. ಸೆಕೆಂಡಿಗೆ 3 ಮೆಗಾಬಿಟ್‌ನ ಎಸ್‌ಡಿ ವಾಹಿನಿ ಗಂಟೆಗೆ ಸುಮಾರು 1.35 ಜಿಬಿ. ನಾಲ್ಕು ವಾಹಿನಿ ಸೇರಿದರೂ ಸೆಕೆಂಡಿಗೆ ಒಂದೂವರೆ ಮೆಗಾಬೈಟ್ ಅಷ್ಟೆ. 29500 ಸಿಂಬಲ್ ರೇಟ್, 3/4 ಎಫ್‌ಇಸಿ ಇರುವ (ಟಿಪಿಯ ವೇಗ ಹೇಳುವ ಅಂಕಿಗಳಿವು) ಡಿವಿಬಿ-ಎಸ್ ಟಿಪಿಯನ್ನು ಇಡಿಯಾಗಿ ಬರೆದರೂ ಸೆಕೆಂಡಿಗೆ ಸುಮಾರು 40 ಮೆಗಾಬಿಟ್, ಅಂದರೆ 5 ಮೆಗಾಬೈಟ್. ಯಾವ ಸಾಮಾನ್ಯ ಹಾರ್ಡ್‌ಡಿಸ್ಕಿಗೂ ಇದು ಹೊರೆಯಲ್ಲ. ಎಸ್‌ಎಸ್‌ಡಿಗೆ ಇಡುವ ಹಣವನ್ನು ಸಿಸಿಟಿವಿ ಅಂಗಡಿಗಳಲ್ಲಿ ಸಿಗುವ ಡಬ್ಲ್ಯೂಡಿ ಪರ್ಪಲ್ ಅಥವಾ ಸೀಗೇಟ್ ಸ್ಕೈಹಾಕ್‌ಗೆ ಇಡಿ. ಹಗಲೂ ರಾತ್ರಿ ಹಲವು ಸ್ಟ್ರೀಮ್‌ಗಳನ್ನು ಬರೆಯುವುದಕ್ಕೆಂದೇ ಅವುಗಳನ್ನು ಮಾಡಿದ್ದಾರೆ. ಆಪರೇಟಿಂಗ್ ಸಿಸ್ಟಮ್ ಬೇರೆ ಡಿಸ್ಕಿನಲ್ಲಿರಲಿ. ಪೆನ್‌ಡ್ರೈವ್‌ಗೆ ನೇರವಾಗಿ ಬರೆಯುವ ಅಭ್ಯಾಸವಿದ್ದರೆ ಬಿಡಿ. ಫ್ಯಾಟ್32 ಎಂಬ ಫೈಲ್ ವ್ಯವಸ್ಥೆಯಲ್ಲಿ ಒಂದು ಫೈಲು 4 ಜಿಬಿ ಮೀರಲಾರದು, ಮೇಲಿನ ಲೆಕ್ಕದಲ್ಲಿ ಮೂರು ಗಂಟೆ ಹತ್ತು ನಿಮಿಷಕ್ಕೆ ನಿಲ್ಲುತ್ತದೆ. ಸವಾರಿಯ ಜೊತೆಗೆ ಪಂಜಿನ ಕವಾಯತನ್ನೂ ಒಂದೇ ಫೈಲಿನಲ್ಲಿ ಹಿಡಿಯುವವರಿಗೆ ಅದು ಸಾಲದು.

ಕುಗ್ಗಿಸುವ ಕೆಲಸವನ್ನು ಮರುದಿನ ಎಫ್‌ಎಫ್‌ಎಂಪೆಗ್ ತಂತ್ರಾಂಶಕ್ಕೆ ಒಪ್ಪಿಸಿ. ಎಸ್‌ಡಿ ಚಿತ್ರ ಇಂಟರ್‌ಲೇಸ್ಡ್ (ಒಂದು ಬಿಟ್ಟು ಒಂದು ಗೆರೆಯಾಗಿ ಬರುವಂಥದ್ದು) ಆಗಿರುವುದರಿಂದ ಡಿಇಂಟರ್‌ಲೇಸ್ ಮಾಡಲು ಮರೆಯಬೇಡಿ, ಇಲ್ಲವಾದರೆ ಕುಣಿಯುವವರ ಕೈಕಾಲುಗಳ ಅಂಚು ಬಾಚಣಿಗೆಯ ಹಲ್ಲಿನಂತೆ ಕಾಣುತ್ತದೆ. ಬೇಡವಾದ ತುದಿಗಳನ್ನು ಮಾತ್ರ ತೆಗೆಯುವುದಾದರೆ ಲಾಸ್‌ಲೆಸ್‌ಕಟ್ ಸಾಕು, ಅದು ಮತ್ತೆ ಎನ್‌ಕೋಡ್ ಮಾಡುವುದಿಲ್ಲ. ಮನೆಮಂದಿ ಇರುವ ದೃಶ್ಯವಾದರೆ ಮೂಲ ಟಿಎಸ್ (ಟ್ರಾನ್ಸ್‌ಪೋರ್ಟ್ ಸ್ಟ್ರೀಮ್) ಫೈಲನ್ನು ಎಂದಿಗೂ ಅಳಿಸಬೇಡಿ.

ಕರೆಂಟಿನ ವಿಷಯದಲ್ಲಿ ಇನ್ವರ್ಟರ್ ಇದೆ ಎಂದು ನೆಮ್ಮದಿಯಾಗಿರಬೇಡಿ. ಅದರ ಹಿಂಬದಿಯಲ್ಲಿ ಯುಪಿಎಸ್ ಮೋಡ್ ಸ್ವಿಚ್ ಇದ್ದರೆ ಅದನ್ನು ಹಾಕಿ, ನನ್ನದು ಅಂದು ನಾರ್ಮಲ್‌ನಲ್ಲಿತ್ತು. ಅದರ ಮೇಲೂ ಕಂಪ್ಯೂಟರಿಗೆ ಪ್ರತ್ಯೇಕವಾಗಿ 600 ವಿಎ ಯುಪಿಎಸ್ ಇರಲಿ. ಕಂಪ್ಯೂಟರಿನ ಬಯೋಸ್ ಸೆಟ್ಟಿಂಗ್‌ನಲ್ಲಿ ಕರೆಂಟು ಬಂದ ಕೂಡಲೇ ತಾನಾಗಿ ಆನ್ ಆಗುವ ಆಯ್ಕೆಯನ್ನು ಹಾಕಿಡಿ. ಮತ್ತೆ ಎದ್ದ ಟಿವಿಹೆಡ್‌ಎಂಡ್ ಸಮಯ ಮುಗಿಯದ ರೆಕಾರ್ಡಿಂಗನ್ನು ತಾನೇ ಮುಂದುವರಿಸುತ್ತದೆ.

ಹಣ ಕೊಟ್ಟು ನೋಡುವ ವಾಹಿನಿಗಳನ್ನೂ ಹೀಗೆಯೇ ಹಿಡಿಯಬಹುದೇ ಎಂದು ಇನ್ನೊಬ್ಬರು ಕೇಳಿದ್ದಾರೆ. ಆಗದು. ಮೈಸೂರಿನಲ್ಲಿ 2013ರ ಮಾರ್ಚ್ 31ರ ಗಡುವಿನವರೆಗೂ ಅನಲಾಗ್ ಕೇಬಲನ್ನು ಕಾರ್ಡಿಗೆ ಚುಚ್ಚಿದರೆ ಸಾಕಾಗಿತ್ತು, ಬಾಕ್ಸ್ ಕಡ್ಡಾಯವಾದ ಮೇಲೆ ಆ ಕಾಲ ಮುಗಿಯಿತು. ಈಗ ಗೂಢಲಿಪಿ ಒಡೆಯುವ ಕಾರ್ಡು, ಎಚ್‌ಡಿಎಂಐನ ನಕಲುತಡೆಯಾದ ಎಚ್‌ಡಿಸಿಪಿ ಕಳಚುವ ಸ್ಪ್ಲಿಟರ್ ಎಂದು ಯಾರಾದರೂ ಈ ಗುಂಪಿನಲ್ಲಿ ಸಲಹೆ ಕೊಟ್ಟರೆ ದಯವಿಟ್ಟು ಕೇಳಬೇಡಿ. 1957ರ ಕೃತಿಸ್ವಾಮ್ಯ ಕಾಯ್ದೆಯ 39ನೇ ಕಲಮು ಸ್ವಂತ ಬಳಕೆಗೆ ರೆಕಾರ್ಡ್ ಮಾಡಿಕೊಳ್ಳಲು ಅವಕಾಶ ಕೊಟ್ಟಿದೆ, 2012ರ ತಿದ್ದುಪಡಿಯಲ್ಲಿ ಬಂದ 65ಎ ಕಲಮು ರಕ್ಷಣೆಯನ್ನು ಮುರಿಯುವುದನ್ನು ತಡೆಯುತ್ತದೆ. ರೆಕಾರ್ಡ್ ಮಾಡಿದ್ದನ್ನು ಟೆಲಿಗ್ರಾಂಗೆ ಏರಿಸುವವರಿಂದಾಗಿ ಮನೆಗಾಗಿ ಮಾಡಿಕೊಳ್ಳುವ ನಮ್ಮಂಥವರಿಗೂ ಕೆಟ್ಟ ಹೆಸರು ಬರುತ್ತಿದೆ, ಅದು ನಿಲ್ಲಬೇಕು.

ಕೊನೆಯದಾಗಿ ಡಿಶ್. ಚಿತ್ರದಲ್ಲಿ ನಿಮ್ಮದು ತೆಂಗಿನ ಗರಿಯ ಪಕ್ಕದಲ್ಲಿದೆ. ಫ್ರೀ ಡಿಶ್ ಬರುವ ಉಪಗ್ರಹ ಜಿಸ್ಯಾಟ್-15 ಇರುವುದು 93.5 ಡಿಗ್ರಿ ಪೂರ್ವದಲ್ಲಿ. ಮೈಸೂರಿನಿಂದ ನೋಡಿದರೆ ಉತ್ತರದಿಂದ ಸುಮಾರು 125 ಡಿಗ್ರಿ, ಅಂದರೆ ಆಗ್ನೇಯಕ್ಕೆ, ನೆಲದಿಂದ ಸುಮಾರು 66 ಡಿಗ್ರಿ ಎತ್ತರದಲ್ಲಿ. ಮಂಡ್ಯಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಆ ದಿಕ್ಕಿನಲ್ಲಿ ಗರಿ ಅಡ್ಡ ಬಂದರೆ ಗಾಳಿ ಬೀಸಿದಾಗಲೆಲ್ಲ ಕಂಟಿನ್ಯುಟಿ ದೋಷ (ಪೊಟ್ಟಣಗಳು ತಪ್ಪಿಹೋಗುವುದು) ಏರುತ್ತದೆ. ನೋಡುವಾಗ ಒಂದು ಚಿಟಿಕೆಯಷ್ಟು ಚೌಕಳಿ ಎನಿಸುವುದು ರೆಕಾರ್ಡಿಂಗಿನಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಗರಿ ಕಡಿಸುವ ಮೊದಲು ಡಿಶ್ಶನ್ನು ತಾರಸಿಯ ಇನ್ನೊಂದು ಮೂಲೆಗೆ ಸರಿಸಿ ನೋಡಿ, 60 ಸೆಂಟಿಮೀಟರಿನದಾಗಿದ್ದರೆ ಮಳೆಗಾಲಕ್ಕೆ 90ರದ್ದನ್ನು ಹಾಕಿಸಿ. ಕೇಬಲಿನ ತುದಿಯ ಎಫ್ ಕನೆಕ್ಟರ್ ತಿರುಗಿಸಿ ಹಾಕುವಂಥದ್ದು ಬೇಡ, ಕಂಪ್ರೆಷನ್ ಮಾದರಿಯದೇ ಇರಲಿ. ಹೊಸ ಎಲ್‌ಎನ್‌ಬಿ ಹಾಕಿ, ಸ್ಪ್ಲಿಟರ್ ಕಳಚಿ, ಎರಡೂ ಟ್ಯೂನರ್‌ಗಳ ಎಸ್‌ಎನ್‌ಆರ್ (ಸಿಗ್ನಲಿನ ಗುಣಮಟ್ಟದ ಅಳತೆ) ಕಾಣುವ ಹಾಗೆ ಟಿವಿಹೆಡ್‌ಎಂಡ್‌ನ ಸ್ಟೇಟಸ್ ಪುಟದ ಚಿತ್ರವನ್ನು ಇಲ್ಲಿ ಹಾಕಿರಿ. ಸ್ಕ್ಯೂ, ಅಂದರೆ ಎಲ್‌ಎನ್‌ಬಿಯನ್ನು ಅದರ ಹಿಡಿಕೆಯಲ್ಲಿ ಎಷ್ಟು ತಿರುಗಿಸಬೇಕೆಂದು ಅದನ್ನು ನೋಡಿ ಹೇಳುತ್ತೇನೆ.