ತಂಡ ಅಂದಮೇಲೆ ಒಟ್ಟಿಗೆ ಇರಬೇಕಲ್ವಾ?

ನಿಮ್ಮ ಪ್ರಶ್ನೆ ಇದು: ಹುಟ್ಟಿನಿಂದಲೇ ವಿಶೇಷ ಶಕ್ತಿ ಇರುವ ಮ್ಯೂಟೆಂಟ್ ಅನ್ನೋ ಜನರ ತಂಡದ ಕಥೆ ಹೇಳುವ, ಅಮೆರಿಕದ ಮಾರ್ವೆಲ್ ಕಂಪನಿಯ ಎಕ್ಸ್-ಮೆನ್ ಕಾಮಿಕ್ 2024ರಲ್ಲಿ ಮತ್ತೆ ಒಂದನೇ ನಂಬರಿನಿಂದ ಶುರುವಾಯಿತು, ಹಳೆಯ ಓದುಗರಲ್ಲಿ ಅರ್ಧ ಜನಕ್ಕೆ ಖುಷಿ, ಅರ್ಧ ಜನಕ್ಕೆ ಸಿಟ್ಟು, ಹಾಗಾದರೆ ಇವರಿಗೆಲ್ಲ ನಿಜವಾಗಿ ಬೇಕಾಗಿರೋದು ಏನು?

ನಾನು ಮೈಸೂರಿನವನು. ಶಾಲೆಯ ದಿನಗಳಿಂದ ಈ ತಂಡದ ಕಥೆ ಓದುತ್ತಾ ಬಂದಿದ್ದೇನೆ. ಕುವೆಂಪುನಗರದಲ್ಲಿ ನಮ್ಮದೊಂದು ಗೆಳೆಯರ ಗುಂಪಿದೆ. ಒಬ್ಬರು ತರಿಸಿದ ಪುಸ್ತಕ ಎಲ್ಲರ ಮನೆ ಸುತ್ತಿ ಬರುತ್ತದೆ, ಆಮೇಲೆ ವಾದ. ತಂಡದಲ್ಲಿ ಯಾರಿರಬೇಕು ಅನ್ನೋದರ ಮೇಲೆ ಜಗಳ ಜಾಸ್ತಿ. ಒಬ್ಬನಿಗೆ ವುಲ್ವರಿನ್ ಇಲ್ಲದೆ ಆಗೋದಿಲ್ಲ, ಇನ್ನೊಬ್ಬಳಿಗೆ ಸ್ಟಾರ್ಮ್ ಬೇಕೇ ಬೇಕು. ಆದರೆ ಕೆದಕಿ ನೋಡಿದರೆ ಎಲ್ಲರೂ ಕೇಳ್ತಿರೋದು ಒಂದನ್ನೇ ಅನ್ನೋದು ನನ್ನ ನಂಬಿಕೆ. ಈ ಜನ ಒಬ್ಬರ ಜೊತೆ ಒಬ್ಬರು ಬದುಕೋದು ಕಾಣಬೇಕು. ಅದಕ್ಕೆ ಪುಟ ಕೊಡಬೇಕು, ಕಾಲ ಕೊಡಬೇಕು. ಹಿಂದೆ ನಡೆದದ್ದನ್ನು ಅವರು ಮರೆತಿರಬಾರದು.

ಹೊಸದಾಗಿ ಶುರು ಮಾಡೋದೇ ತಪ್ಪು ಅಂತ ಯಾರೂ ಹೇಳೋದಿಲ್ಲ. ಈ ತಂಡ ಇವತ್ತು ಉಳಿದಿರೋದೇ ಅಂಥ ಒಂದು ಶುರುವಿನಿಂದ. 1963ರಲ್ಲಿ ಸ್ಟಾನ್ ಲೀ ಮತ್ತು ಜ್ಯಾಕ್ ಕರ್ಬಿ ಹುಟ್ಟುಹಾಕಿದ ಎಕ್ಸ್-ಮೆನ್ ಮೊದಲ ಸುತ್ತಿನಲ್ಲಿ ಅಷ್ಟಾಗಿ ಓಡಲಿಲ್ಲ. 1970ರಿಂದ ಐದು ವರ್ಷ ಅದರಲ್ಲಿ ಹೊಸ ಕಥೆಯೇ ಇರಲಿಲ್ಲ, ಹಳೆಯದನ್ನೇ ಮತ್ತೆ ಅಚ್ಚು ಹಾಕುತ್ತಿದ್ದರು. 1975ರಲ್ಲಿ ಲೆನ್ ವೀನ್ ಬರೆದು ಡೇವ್ ಕಾಕ್ರಮ್ ಚಿತ್ರ ಬಿಡಿಸಿದ ಒಂದು ದಪ್ಪ ವಿಶೇಷ ಸಂಚಿಕೆ ಬಂತು. ಕೀನ್ಯಾದಿಂದ ಸ್ಟಾರ್ಮ್, ಜರ್ಮನಿಯಿಂದ ನೈಟ್‌ಕ್ರಾಲರ್, ಸೋವಿಯತ್ ಹೊಲದಿಂದ ಕೊಲೋಸಸ್, ಕೆನಡಾದಿಂದ ವುಲ್ವರಿನ್. ಮುಂದಿನ ಕಥೆ ಕ್ರಿಸ್ ಕ್ಲೇರ್‌ಮಾಂಟ್ ಕೈಗೆ ಹೋಯಿತು.

ಅಲ್ಲಿ ಗಮನಿಸಬೇಕಾದ ವಿಷಯ ತಂಡದ ನಾಯಕ ಸೈಕ್ಲಾಪ್ಸ್. ಮೊದಲಿನ ಐವರಲ್ಲಿ ಉಳಿದವರು ತಂಡ ಬಿಟ್ಟು ಹೊರಟರೂ ಅವನೊಬ್ಬ ಉಳಿದುಕೊಂಡ. ಹೊಸಬರು ಅವನ ಮಾತು ಕೇಳೋದಿಲ್ಲ, ಅವನಿಗೂ ಇವರನ್ನು ಹೇಗೆ ನಡೆಸಿಕೊಳ್ಳಬೇಕು ಅಂತ ಗೊತ್ತಿಲ್ಲ. ಹಳೆಯ ಎಣಿಕೆಯಲ್ಲೇ ಮುಂದುವರಿದ ಸರಣಿಯ 95ನೇ ಸಂಚಿಕೆಗೇ ಹೊಸಬರಲ್ಲೊಬ್ಬನಾದ ಥಂಡರ್‌ಬರ್ಡ್ ಸಾಯುತ್ತಾನೆ. ತಂಡ ಕಟ್ಟಿ ಇನ್ನೂ ಎರಡು ಮೂರು ಸಂಚಿಕೆ ಆಗಿದೆ ಅಷ್ಟೇ, ಆಗಲೇ ಒಂದು ಸಾವಿನ ಭಾರ ನಾಯಕನ ಹೆಗಲ ಮೇಲೆ. ಹೊಸ ಓದುಗನಿಗೆ ಹಳೆಯದೇನೂ ಗೊತ್ತಿರದಿದ್ದರೂ ಪರವಾಗಿಲ್ಲ, ಇಲ್ಲಿ ಹಿಂದೆ ಏನೋ ಇತ್ತು ಅಂತ ಸೈಕ್ಲಾಪ್ಸ್ ಮುಖ ನೋಡಿದರೇ ಸಾಕು. ಹೊಸ ಶುರು ಅಂದರೆ ನನ್ನ ಪ್ರಕಾರ ಹೀಗಿರಬೇಕು.

ಕ್ಲೇರ್‌ಮಾಂಟ್ 1991ರವರೆಗೆ, ಅಂದರೆ ಹದಿನಾರು ವರ್ಷ ಬರೆದರು. ಚಿತ್ರಕಾರರು ಬದಲಾದರು, ತಂಡದವರು ಬಂದರು ಹೋದರು, ಮಾತಿನ ಧಾಟಿ ಮಾತ್ರ ಒಂದೇ ಇತ್ತು. ಮೈಸೂರಿನವರಿಗೆ ಇದನ್ನು ಹೇಳೋದು ಸುಲಭ. 1989ರಲ್ಲಿ ಬಿ.ವಿ. ಕಾರಂತರು ಕಟ್ಟಿದ ರಂಗಾಯಣದಲ್ಲಿ ಅದೇ ನಟರು ವರ್ಷಗಟ್ಟಲೆ ಒಟ್ಟಿಗೆ ನಾಟಕ ಆಡಿದರು. ನಾವು ಅಲ್ಲಿನ ಭೂಮಿಗೀತ ರಂಗಮಂದಿರಕ್ಕೆ ಹೋಗುವಾಗ ನಾಟಕ ಯಾವುದು ಅನ್ನೋದರಷ್ಟೇ, ಇವರಿಬ್ಬರು ಈ ಸಲ ಎದುರುಬದುರು ನಿಂತರೆ ಹೇಗಿರುತ್ತೆ ಅನ್ನೋ ಕುತೂಹಲವೂ ಇರುತ್ತಿತ್ತು. ತಂಡದ ಕಾಮಿಕ್ ಹಿಡಿದಿಡೋದು ಆ ಕುತೂಹಲದಿಂದ.

ಒಂದು ಸಂಚಿಕೆಯನ್ನೇ ಹತ್ತಿರದಿಂದ ನೋಡೋಣ. 1983ರ 168ನೇ ಸಂಚಿಕೆ, ಚಿತ್ರ ಪಾಲ್ ಸ್ಮಿತ್ ಅವರದು. ಕಿಟ್ಟಿ ಪ್ರೈಡ್ ಅನ್ನೋ ಹುಡುಗಿಯನ್ನು ತಂಡ ಕಟ್ಟಿದ ಗುರು ಪ್ರೊಫೆಸರ್ ಎಕ್ಸ್ ಕಿರಿಯರ ತಂಡಕ್ಕೆ ಹಾಕಿದ್ದಾರೆ. ಮೊದಲ ಪುಟದಲ್ಲೇ ಅವಳು ನಮ್ಮ ಕಡೆ ತಿರುಗಿ ಪ್ರೊಫೆಸರನ್ನು ಬೈಯುತ್ತಾಳೆ. ಲೋಕ ಮುಳುಗುವ ಅಪಾಯ ಯಾವುದೂ ಇಲ್ಲ. ತಂಡದವರೆಲ್ಲ ಒಟ್ಟಿಗಿರುವ ದೊಡ್ಡ ಮನೆಯಲ್ಲಿ ಅವಳು ಗೆಳತಿಯ ಹತ್ತಿರ ಹೇಳಿಕೊಳ್ಳುತ್ತಾಳೆ, ಪ್ರೊಫೆಸರ್ ಮನಸ್ಸು ಬದಲಿಸೋಕೆ ಒಂದೊಂದೇ ದಾರಿ ಹುಡುಕುತ್ತಾಳೆ. ಕೊನೆಗೆ ನೆಲದಡಿಯ ಸುರಂಗದಲ್ಲಿ ಬಾಹ್ಯಾಕಾಶದ ಜೀವಿಗಳು ಎದುರಾಗುತ್ತವೆ, ಅವಳು ನಿಂತು ಹೋರಾಡುತ್ತಾಳೆ, ಒಂದು ಪುಟಾಣಿ ಡ್ರ್ಯಾಗನ್ ಜೊತೆಯಾಗುತ್ತೆ. ಹೊಡೆದಾಟ ಇದೆ, ಚೆನ್ನಾಗಿಯೂ ಇದೆ. ಆದರೆ ಕಥೆ ಇರೋದು ಒಬ್ಬ ಹುಡುಗಿ ತಾನು ಈ ಮನೆಯವಳು ಅಂತ ಹಟ ಹಿಡಿಯೋದರಲ್ಲಿ. ನಮ್ಮ ಗುಂಪಿನಲ್ಲಿ ಅತಿ ಹೆಚ್ಚು ಸಲ ಕೈಬದಲಾಗಿರುವುದು ಈ ಕಥೆಯಿರುವ ಪುಸ್ತಕವೇ.

ಈಗ ಒಂದನೇ ನಂಬರಿನ ವಿಷಯಕ್ಕೆ ಬರ್ತೀನಿ. ಅಮೆರಿಕದ ಕಾಮಿಕ್ ಅಂಗಡಿಗಳು ಪ್ರತಿಗಳನ್ನು ಮುಂಗಡವಾಗಿ ಆರ್ಡರ್ ಮಾಡುತ್ತವೆ. ಒಂದನೇ ಸಂಚಿಕೆಗೆ ಆರ್ಡರ್ ಯಾವಾಗಲೂ ಜಾಸ್ತಿ, ಅದಕ್ಕೆ ಬೇರೆ ಬೇರೆ ಮುಖಪುಟ ಇದ್ದರೆ ಇನ್ನೂ ಜಾಸ್ತಿ. 1991ರಲ್ಲಿ ಜಿಮ್ ಲೀ ಚಿತ್ರಗಳೊಂದಿಗೆ ಬಂದ ಎಕ್ಸ್-ಮೆನ್ ಒಂದನೇ ಸಂಚಿಕೆ ಐದು ಮುಖಪುಟಗಳಲ್ಲಿ ಬಂತು, 80 ಲಕ್ಷಕ್ಕೂ ಹೆಚ್ಚು ಪ್ರತಿ ಹೋಯಿತು. ಅದೇ ಪುಸ್ತಕದ ಮೂರನೇ ಸಂಚಿಕೆ ಮುಗಿಸಿ ಕ್ಲೇರ್‌ಮಾಂಟ್ ಹೊರಟರು. ಹದಿನಾರು ವರ್ಷ ಈ ಮನೆಯನ್ನು ಕಟ್ಟಿದವರು ಹೋದದ್ದು ಅತಿ ಹೆಚ್ಚು ಮಾರಾಟವಾದ ಹೊತ್ತಿನಲ್ಲೇ. ನನಗೆ ಇದು ಈಗಲೂ ಬೇಜಾರಿನ ಸಂಗತಿ.

ಆಮೇಲಂತೂ ಇದು ಅಭ್ಯಾಸವೇ ಆಯಿತು. ಅನ್‌ಕ್ಯಾನಿ ಎಕ್ಸ್-ಮೆನ್ ಅನ್ನೋ ಮೂಲ ಸರಣಿ 1963ರಿಂದ 2011ರವರೆಗೆ ಒಂದೇ ಎಣಿಕೆಯಲ್ಲಿ 544ನೇ ಸಂಚಿಕೆ ತಲುಪಿತ್ತು. ಅದಾದ ಮೇಲೆ 2011, 2013, 2016, 2018, 2024 ಹೀಗೆ ಐದು ಸಲ ಒಂದನೇ ನಂಬರಿಗೆ ಬಂದಿದೆ. ಎರಡು ವರ್ಷಕ್ಕೊಮ್ಮೆ ಮನೆ ಖಾಲಿ ಮಾಡಿಸಿದರೆ ಅಲ್ಲಿರುವವರ ನಡುವೆ ಸ್ನೇಹ ಬೆಳೆಯೋದು ಯಾವಾಗ? ಲೆಕ್ಕವನ್ನೂ ನೋಡಿ. ಈಗಿನ ಮಾಮೂಲಿ ಸಂಚಿಕೆಯಲ್ಲಿ ಕಥೆಗೆ ಸಿಗೋದು ಸುಮಾರು 20 ಪುಟ. ತಂಡದಲ್ಲಿ ಎಂಟು ಜನ. ಹೊಡೆದಾಟಕ್ಕೆ ಹತ್ತು ಪುಟ ಹೋದರೆ ಒಬ್ಬೊಬ್ಬರ ಪಾಲಿಗೆ ಒಂದೂಕಾಲು ಪುಟ. ಅದಕ್ಕೇ ಕಾಲ ಬೇಕು ಅಂತ ಓದುಗರು ಬಡಿದುಕೊಳ್ಳೋದು.

2024ರ ಸಿಟ್ಟಿಗೆ ಇನ್ನೊಂದು ಕಾರಣ ಇದೆ. 2019ರಲ್ಲಿ ಜೊನಾಥನ್ ಹಿಕ್‌ಮನ್ ಮ್ಯೂಟೆಂಟ್‌ಗಳಿಗೆ ಕ್ರಕೋವಾ ಅನ್ನೋ ದ್ವೀಪವನ್ನೇ ದೇಶವಾಗಿ ಕೊಟ್ಟರು. ಸತ್ತವರನ್ನು ಐವರು ಸೇರಿ ಮತ್ತೆ ಬದುಕಿಸುವ ವ್ಯವಸ್ಥೆ, ಅವರದ್ದೇ ಕಾನೂನು, ಹಳೆಯ ಶತ್ರುಗಳು ಒಂದೇ ಮಂಡಳಿಯಲ್ಲಿ. ಐದು ವರ್ಷ ಓದುಗರು ಅಲ್ಲಿ ನೆಲೆ ನಿಂತಿದ್ದರು. ಅದು ಮುಗಿದ ಮೇಲೆ ಹೊಸ ಶುರು ಅಂದಾಗ ಅವರಿಗೆ ಇದ್ದ ಭಯ ಒಂದೇ, ಇದೆಲ್ಲ ನಡೆದೇ ಇಲ್ಲ ಅನ್ನುವ ಹಾಗೆ ಮಾಡಿಬಿಡ್ತಾರಾ? ಕಥೆ ಮುಗಿಯೋದನ್ನು ಓದುಗ ತಡೆದುಕೊಳ್ಳುತ್ತಾನೆ. ತಾನು ಓದಿದ್ದು ಲೆಕ್ಕಕ್ಕೇ ಇಲ್ಲ ಅಂದರೆ ತಡೆದುಕೊಳ್ಳೋದು ಕಷ್ಟ.

ಹೊಸಬರ ಮಾತೂ ಹೇಳಬೇಕು. ನಮ್ಮ ಅಕ್ಕನ ಮಗಳು ಟೀವಿಯ ಎಕ್ಸ್-ಮೆನ್ 97 ನೋಡಿ ಕಾಮಿಕ್ ಕೇಳಿದಳು. ಕೊಟ್ಟೆ. ಅರ್ಧ ಓದಿ, "ಮಾಮ, ಇವರೆಲ್ಲ ಎಲ್ಲಿ ಊಟ ಮಾಡ್ತಾರೆ?" ಅಂತ ಕೇಳಿದಳು. ಹಳೆ ಓದುಗರು ಕೇಳೋದೂ ಅದನ್ನೇ. ಹಳಬರಿಗೊಂದು, ಹೊಸಬರಿಗೊಂದು ಅಂತ ಬೇರೆ ಬೇರೆ ಪುಸ್ತಕ ಬೇಕಾಗಿಲ್ಲ.

2024ರಲ್ಲಿ ಒಂದನೇ ನಂಬರಿನಿಂದ ಶುರುವಾದ ಎಕ್ಸ್-ಮೆನ್ ಸರಣಿಗಳಲ್ಲಿ ಮೂರು ಈ ಲೆಕ್ಕದಲ್ಲಿ ಹೇಗಿವೆ? ಜೆಡ್ ಮೆಕೇ ಬರೆದ ಎಕ್ಸ್-ಮೆನ್‌ನಲ್ಲಿ ಸೈಕ್ಲಾಪ್ಸ್ ತಂಡ ಅಲಾಸ್ಕಾದಲ್ಲಿದೆ. ವೇಗ ಚೆನ್ನಾಗಿದೆ, ಉಸಿರಾಡೋಕೆ ಜಾಗ ಕಡಿಮೆ. ಗೇಲ್ ಸಿಮೋನ್ ಬರೆದ ಅನ್‌ಕ್ಯಾನಿಯಲ್ಲಿ ರೋಗ್, ಗ್ಯಾಂಬಿಟ್, ವುಲ್ವರಿನ್, ಜುಬಿಲಿ, ನೈಟ್‌ಕ್ರಾಲರ್ ಲೂಸಿಯಾನಾದ ಒಂದು ಮನೆಯಲ್ಲಿ ಇರುತ್ತಾರೆ, ನಾಲ್ಕು ಮಕ್ಕಳು ಬಂದು ಸೇರಿಕೊಳ್ಳುತ್ತವೆ. ಮನೆ ಅನ್ನಿಸುವ ಮನೆ. ಈವ್ ಯೂಯಿಂಗ್ ಬರೆದ ಎಕ್ಸೆಪ್ಷನಲ್ ಎಕ್ಸ್-ಮೆನ್ ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ಅಲ್ಲಿ ಕೇಟ್ ಅನ್ನೋ ಹೆಸರಿನಲ್ಲಿ ಇರೋದು ಅದೇ ಕಿಟ್ಟಿ. ಕ್ರಕೋವಾದಲ್ಲಿ ಆದದ್ದು ಸಾಕಾಗಿ ಶಿಕಾಗೋದಲ್ಲಿ ತನ್ನ ಪಾಡಿಗೆ ಇರೋಕೆ ನೋಡುತ್ತಾಳೆ. ಆದರೆ ಮೂರು ಜನ ಹೊಸ ಹುಡುಗ ಹುಡುಗಿಯರಿಗೆ ಅವಳೇ ಗುರುವಾಗಬೇಕಾಗುತ್ತದೆ. ಪ್ರೊಫೆಸರನ್ನು ಬೈದವಳೇ ಆ ಜಾಗದಲ್ಲಿ ಬಂದು ನಿಂತಿದ್ದಾಳೆ. 1983ರದ್ದು ಓದಿದವರಿಗೆ ಕಣ್ಣು ತುಂಬಿ ಬರುತ್ತೆ, ಓದದವರಿಗೂ ಕಥೆ ಪೂರ್ತಿ ಅರ್ಥವಾಗುತ್ತೆ. ಆ ಪುಸ್ತಕ 2025ರಲ್ಲಿ 13ನೇ ಸಂಚಿಕೆಗೆ ನಿಂತುಹೋಯಿತು. ಅದು ಇನ್ನೂ ತುಂಬಾ ದೂರ ಹೋಗಬೇಕಿತ್ತು.

ನೀವೇ ಓದಿ ನೋಡಬೇಕು ಅಂದರೆ, ನಮ್ಮೂರಲ್ಲಿ ತಿಂಗಳ ಬಿಡಿ ಸಂಚಿಕೆಗಾಗಿ ಅಲೆಯೋದು ಬೇಡ. ಒಟ್ಟು ಹಾಕಿದ ಸಂಪುಟಗಳನ್ನು ಆನ್‌ಲೈನ್‌ನಲ್ಲಿ ತರಿಸಿಕೊಳ್ಳಬಹುದು, ಇಲ್ಲವೇ ಮಾರ್ವೆಲ್ ಅನ್‌ಲಿಮಿಟೆಡ್ ಆ್ಯಪ್ ಇದೆ, ಹೊಸ ಸಂಚಿಕೆ ಅದರಲ್ಲಿ ಸುಮಾರು ಮೂರು ತಿಂಗಳು ತಡವಾಗಿ ಬರುತ್ತದೆ. 1975ರ ವಿಶೇಷ ಸಂಚಿಕೆ ಮೊದಲು ಓದಿ, ಆಮೇಲೆ ಅನ್‌ಕ್ಯಾನಿಯ 168, ಆಮೇಲೆ ನೇರವಾಗಿ ಎಕ್ಸೆಪ್ಷನಲ್‌ಗೆ ಹೋಗಿ. ನಡುವಿನದು ಗೊತ್ತಿಲ್ಲ ಅಂತ ಹಿಂಜರಿಯಬೇಡಿ.