ಐವತ್ತು ವರ್ಷ ತಡವಾಗಿ ಬಂದ ಪದಕ

ಓದುಗರ ಪತ್ರ: ‘ಅಮೆರಿಕದ ಜೂಡೊಪಟು ರಸ್ಟಿ ಕನೊಕೊಗಿ ಅವರಿಗೆ ಕಳೆದ ಸಂಚಿಕೆಯಲ್ಲಿ ನಾಲ್ಕು ಪುಟ ಮೀಸಲಿಟ್ಟಿದ್ದೀರಿ. ಒಲಿಂಪಿಕ್ಸ್‌ನಲ್ಲಿ ಒಮ್ಮೆಯೂ ಸೆಣಸದವರಿಗೆ ಇಷ್ಟು ಮೆರವಣಿಗೆ ಏಕೆ? ಕಿತ್ತುಕೊಂಡ ಪದಕವನ್ನು ಐವತ್ತು ವರ್ಷಗಳ ನಂತರ ಹಿಂದಿರುಗಿಸುವುದೆಂದರೆ ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಅಲ್ಲವೇ?’
– ಓದುಗರೊಬ್ಬರು, ಶಿರಸಿ

ಸಂಪಾದಕರ ಉತ್ತರ:

ಮಾನ್ಯರೇ, ನಿಮ್ಮ ಗಾದೆಯನ್ನು ಅರ್ಧ ಒಪ್ಪುತ್ತೇನೆ. ಉಳಿದರ್ಧಕ್ಕೆ ನನ್ನ ತಕರಾರಿದೆ.

1959ರಲ್ಲಿ ನ್ಯೂಯಾರ್ಕ್ ರಾಜ್ಯದ ಯುಟಿಕಾದಲ್ಲಿ ವೈಎಂಸಿಎ ಜೂಡೊ ಪಂದ್ಯಾವಳಿ ನಡೆಯಿತು. ತಂಡದ ಒಬ್ಬನಿಗೆ ಗಾಯವಾಗಿತ್ತು. ಅವನ ಬದಲಿಗೆ ಕಣಕ್ಕಿಳಿದವರು ಬ್ರೂಕ್ಲಿನ್‌ನ ರಸ್ಟಿ. ಕೂದಲು ಗಿಡ್ಡ, ಎದೆಗೆ ಬಿಗಿಯಾಗಿ ಸುತ್ತಿದ ಬ್ಯಾಂಡೇಜ್. ಅವರೂ ಗೆದ್ದರು, ತಂಡವೂ ಗೆದ್ದಿತು. ಆಮೇಲೆ ಸಂಘಟಕರೊಬ್ಬರು ಪಕ್ಕಕ್ಕೆ ಕರೆದು, ನೀನು ಹೆಣ್ಣೇ ಎಂದು ಕೇಳಿದರು. ರಸ್ಟಿ ಹೌದೆಂದು ತಲೆಯಾಡಿಸಿದರು. ಪದಕ ಹೋಯಿತು. ಲೇಖನ ತಿದ್ದುವಾಗ ನಾನು ಪೆನ್ನು ಕೆಳಗಿಟ್ಟದ್ದು ಇಲ್ಲಿಯೇ. ಅಷ್ಟೆಲ್ಲ ವೇಷ ಕಟ್ಟಿದವರ ಬಾಯಲ್ಲಿ ಕೊನೆಯ ಆ ಒಂದು ಸುಳ್ಳು ಹೊರಡಲಿಲ್ಲ.

ಒಲಿಂಪಿಕ್ಸ್‌ನಲ್ಲಿ ಸೆಣಸಲಿಲ್ಲ ಎನ್ನುತ್ತೀರಿ. ಸೆಣಸಲು ಅಲ್ಲಿ ಮಹಿಳಾ ಜೂಡೊ ಇರಬೇಕಿತ್ತಲ್ಲ! ಗಂಡಸರ ಜೂಡೊ 1964ರಲ್ಲೇ ಟೋಕಿಯೊ ಕೂಟಕ್ಕೆ ಬಂದಿತ್ತು. ಹೆಂಗಸರದು 1988ರಲ್ಲಿ ಸೋಲ್‌ನಲ್ಲಿ ಪ್ರದರ್ಶನ ಕ್ರೀಡೆಯಾಗಿ ಕಾಣಿಸಿಕೊಂಡು, ಪದಕದ ಪಟ್ಟಿಗೆ ಸೇರಿದ್ದು 1992ರ ಬಾರ್ಸಿಲೋನಾದಲ್ಲಿ. ಅದು ತಾನಾಗಿ ಆದದ್ದಲ್ಲ. 1962ರಲ್ಲಿ ರಸ್ಟಿ ಟೋಕಿಯೊದ ಕೊಡೊಕಾನ್‌ಗೆ ಹೋದರು. ಜೂಡೊಗೆ ಅದು ಮೂಲಮಠವಿದ್ದಂತೆ. ಅಲ್ಲಿ ಹೆಂಗಸರಿಗೆ ಬೇರೆಯೇ ವಿಭಾಗ. ಆ ವಿಭಾಗದಲ್ಲಿ ಇವರ ಪಟ್ಟುಗಳಿಗೆ ಎದುರು ನಿಲ್ಲುವವರು ಸಿಗದೆ, ಗಂಡಸರ ಜೊತೆ ಅಭ್ಯಾಸಕ್ಕೆ ಬಿಟ್ಟರು. ಹಾಗೆ ಅನುಮತಿ ಪಡೆದ ಮೊದಲ ಮಹಿಳೆ ಅವರೇ. 1980ರಲ್ಲಿ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮಹಿಳೆಯರ ಮೊಟ್ಟಮೊದಲ ವಿಶ್ವ ಜೂಡೊ ಚಾಂಪಿಯನ್‌ಷಿಪ್ ನಡೆಸಿದರು. ಹಣ ಸಾಲದೆ ತಮ್ಮ ಮನೆಯನ್ನೇ ಅಡವಿಟ್ಟರು. ನಮ್ಮಲ್ಲಿ ಮಗಳ ಮದುವೆಗೆ ಮನೆ ಅಡವಿಟ್ಟವರನ್ನು ಕಂಡಿದ್ದೇನೆ. ಪಂದ್ಯಾವಳಿಗೆ ಇಟ್ಟವರನ್ನು ಕಂಡಿಲ್ಲ. ಸೋಲ್‌ಗೆ ಅವರು ಅಮೆರಿಕದ ಮಹಿಳಾ ತಂಡದ ತರಬೇತುದಾರರಾಗಿ ಹೋದರು.

ಮನ್ನಣೆ ಬಂದದ್ದು ತೀರ ಸಂಜೆಗೆ. 2008ರಲ್ಲಿ ಜಪಾನ್ ಸರ್ಕಾರ ‘ಉದಯಸೂರ್ಯ’ ಗೌರವ ನೀಡಿತು. 2009ರ ಆಗಸ್ಟ್‌ನಲ್ಲಿ ವೈಎಂಸಿಎ ಚಿನ್ನದ ಪದಕ ಕೊಟ್ಟಿತು. ನವೆಂಬರ್‌ನಲ್ಲಿ, 74ನೇ ವಯಸ್ಸಿನಲ್ಲಿ, ರಸ್ಟಿ ತೀರಿಕೊಂಡರು. ಕೊಟ್ಟವರ ದೊಡ್ಡತನವನ್ನು ನಮ್ಮ ಲೇಖನ ತುಸು ಹೆಚ್ಚೇ ಹೊಗಳಿದೆ. ನಿಮ್ಮ ಗಾದೆಯನ್ನು ಅರ್ಧ ಒಪ್ಪಿದ್ದು ಆ ಕಾರಣಕ್ಕೆ. ಆದರೆ ಪಡೆದವರ ಕಡೆಯಿಂದ ನೋಡಿ. ಬಾಗಿಲು ಹಾಕುವ ಮಾತು ಅವರಿಗೆ ಹೊಂದುವುದಿಲ್ಲ, ಅವರು ಜೀವನವಿಡೀ ಮಾಡಿದ್ದು ಬಾಗಿಲು ತೆಗೆಸುವ ಕೆಲಸ.

ಇನ್ನೊಂದು ಮಾತು. ಚಿತ್ರದ ಅಡಿಬರಹದಲ್ಲಿ ‘ಒಲಿಂಪಿಕ್ ಪದಕ ವಿಜೇತೆ’ ಎಂದು ಅಚ್ಚಾಗಿತ್ತು. ನೀವು ಅದನ್ನು ಎತ್ತಿ ಆಡಲಿಲ್ಲ, ಆದರೂ ತಪ್ಪು ನಮ್ಮದೇ. ಈ ಸಂಚಿಕೆಯಲ್ಲೇ ತಿದ್ದುಪಡಿ ಹಾಕಿದ್ದೇವೆ. ಐವತ್ತು ವರ್ಷ ಕಾಯಿಸಿಲ್ಲ.